ವಿಂಚೆಸ್ಟರ್ ಮಿಸ್ಟರಿ ಹೌಸ್: ದೆವ್ವದ ಮನೆ ನೋಡಲು ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಊರಿನಿಂದ ಅಪ್ಪ ಅಮ್ಮ ಬೇ ಏರಿಯಾಗೆ, ಅಂದರೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಊರುಗಳಿಗೆ, ಬಂದಾಗ ನಾವೆಲ್ಲ ತೋರಿಸುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ, ಒಂದೆರಡು ಕಂಪನಿ ಬೋರ್ಡಿನ ಮುಂದೆ ಫೋಟೊ. ಮೂರನೇ ವಾರಕ್ಕೆ ಪಟ್ಟಿ ಖಾಲಿ. ಆಗ ಯಾರೋ ನೆನಪಿಸುತ್ತಾರೆ, ಸ್ಯಾನ್ ಹೋಸೆ ಊರೊಳಗೇ ಒಂದು ದೆವ್ವದ ಮನೆ ಇದೆಯಲ್ಲ ಅಂತ.

ವಿಂಚೆಸ್ಟರ್ ಮಿಸ್ಟರಿ ಹೌಸ್ ಅದರ ಹೆಸರು. ಮರದಲ್ಲಿ ಕಟ್ಟಿದ, ಸುಮಾರು 160 ಕೋಣೆಗಳ ಮನೆ. ನಾನು ಮೂರು ಸಲ ಹೋಗಿದ್ದೇನೆ. ಮೊದಲ ಸಲ ಗೆಳೆಯರ ಜೊತೆ, ದೆವ್ವ ನೋಡೋಣ ಅಂತ. ದೆವ್ವ ಸಿಗಲಿಲ್ಲ, ಸಪ್ಪೆ ಮುಖ ಮಾಡಿಕೊಂಡು ಬಂದೆ. ಎರಡನೇ ಸಲ ಅಪ್ಪ ಅಮ್ಮನ ಜೊತೆ. ಆವತ್ತು ಅಮ್ಮ ಒಂದು ಮೆಟ್ಟಿಲ ಮುಂದೆ ನಿಂತು ಕೇಳಿದ ಪ್ರಶ್ನೆಯಿಂದ ಇಡೀ ಮನೆಯೇ ನನಗೆ ಬೇರೆ ಥರ ಕಾಣತೊಡಗಿತು. ಅದನ್ನು ಮೆಟ್ಟಿಲು ಬಂದಾಗ ಹೇಳುತ್ತೇನೆ. ಮೂರನೇ ಸಲ ಒಬ್ಬನೇ ಹೋದೆ, ಸುಮ್ನೆ ಮನೆ ನೋಡುವುದಕ್ಕೇ.

ಮೊದಲ ಸಲ ನಾನು ಮಾಡಿದ ತಪ್ಪುಗಳನ್ನು ನೀವು ಮಾಡದಿರಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಹಂತ 1: ಕಥೆಯನ್ನು ಕಾರಿನಲ್ಲೇ ಹೇಳಿ ಮುಗಿಸಿ

ಗೈಡ್ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಬೇಗ ಬೇಗ, ನಡೆಯುತ್ತಲೇ ಹೇಳುತ್ತಾರೆ. ಜೊತೆಗಿರುವ ದೊಡ್ಡವರಿಗೆ ಅರ್ಧ ಮಾತು ಕಿವಿಗೆ ಬೀಳುವುದಿಲ್ಲ. ನೀವು ಪಕ್ಕದಲ್ಲಿ ಪಿಸುಗುಟ್ಟಿ ಅನುವಾದ ಮಾಡುತ್ತಾ ನಿಂತರೆ ಇಬ್ಬರಿಗೂ ಏನೂ ಕಾಣುವುದಿಲ್ಲ. ಅದಕ್ಕೇ ಕಥೆಯನ್ನು ದಾರಿಯಲ್ಲೇ ಹೇಳಿಬಿಡಿ.

ಎಲ್ಲರೂ ಹೇಳುವ ಕಥೆ ಹೀಗಿದೆ. ವಿಂಚೆಸ್ಟರ್ ಬಂದೂಕು ಕಂಪನಿಯ ಮನೆತನದ ಸೊಸೆ ಸಾರಾ. ಮಗು ಸತ್ತಿತು, ಗಂಡನೂ ಸತ್ತ. ದುಃಖ ತಡೆಯಲಾರದೆ ಬೋಸ್ಟನ್ನಿನಲ್ಲಿ ಆತ್ಮಗಳ ಜೊತೆ ಮಾತಾಡಿಸುವವನೊಬ್ಬನ ಹತ್ತಿರ ಹೋದಳು. ಅವನು ಹೇಳಿದನಂತೆ: "ನಿಮ್ಮ ಬಂದೂಕಿಗೆ ಬಲಿಯಾದವರ ಆತ್ಮಗಳು ನಿಮ್ಮ ಬೆನ್ನು ಹತ್ತಿವೆ. ಪಶ್ಚಿಮಕ್ಕೆ ಹೋಗಿ ಅವಕ್ಕೊಂದು ಮನೆ ಕಟ್ಟಿಸು. ಕಟ್ಟುವುದು ನಿಂತ ದಿನ ನೀನು ಸಾಯುತ್ತೀಯ." ಅವಳು ಇಲ್ಲಿಗೆ ಬಂದು ಹಗಲು ರಾತ್ರಿ ಕಟ್ಟಿಸುತ್ತಲೇ ಹೋದಳು. ಬೆನ್ನು ಹತ್ತಿದ ದೆವ್ವಗಳು ದಾರಿ ತಪ್ಪಲಿ ಅಂತ ಎಲ್ಲೂ ಹೋಗದ ಮೆಟ್ಟಿಲು, ಗೋಡೆಗೆ ತೆರೆಯುವ ಬಾಗಿಲು ಮಾಡಿಸಿದಳು.

ಇದನ್ನು ಕೇಳಿ ನಗುವ ಹಕ್ಕು ನಮಗಂತೂ ಇಲ್ಲ. 90ರ ದಶಕದಲ್ಲಿ ನಮ್ಮ ಬೀದಿಯಲ್ಲೇ ಬಾಗಿಲುಗಳ ಮೇಲೆ "ನಾಳೆ ಬಾ" ಅಂತ ಬರೆದಿದ್ದರು. ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ. ನಮ್ಮವರು ಒಂದು ಸೀಮೆಸುಣ್ಣದಲ್ಲಿ ಮುಗಿಸಿದ ಕೆಲಸಕ್ಕೆ ಈಕೆ 160 ಕೋಣೆ ಕಟ್ಟಿಸಿದಳಂತೆ, ಅಷ್ಟೇ ವ್ಯತ್ಯಾಸ.

ಈಗ ದಾಖಲೆಯಲ್ಲಿ ಸಿಗುವ ಕಥೆ. ಸಾರಾ ಪಾರ್ಡಿ ಕನೆಕ್ಟಿಕಟ್‌ನ ನ್ಯೂ ಹೇವನ್ ಊರಿನವಳು. 1862ರಲ್ಲಿ ವಿಲಿಯಂ ವರ್ಟ್ ವಿಂಚೆಸ್ಟರ್ ಜೊತೆ ಮದುವೆಯಾಯಿತು. 1866ರಲ್ಲಿ ಹೆಣ್ಣುಮಗು ಹುಟ್ಟಿತು, ಹೆಸರು ಆ್ಯನಿ. ಹಾಲು, ಆಹಾರ ಮೈಗೆ ಹತ್ತದ ಕಾಯಿಲೆಯಿಂದ ಕೆಲವೇ ವಾರಗಳಲ್ಲಿ ತೀರಿಕೊಂಡಿತು. ಮತ್ತೆ ಮಕ್ಕಳಾಗಲಿಲ್ಲ. 1880ರ ಡಿಸೆಂಬರಿನಲ್ಲಿ ಮಾವ ಆಲಿವರ್ ತೀರಿಕೊಂಡರು. ಮೂರೇ ತಿಂಗಳಲ್ಲಿ, 1881ರ ಮಾರ್ಚಿನಲ್ಲಿ, ಗಂಡ ಕ್ಷಯದಿಂದ ಸತ್ತ. ಕೈಯಲ್ಲಿ ದೊಡ್ಡ ಆಸ್ತಿ, ಮೈಯಲ್ಲಿ ಸಂಧಿವಾತ. ಬೆಚ್ಚಗಿನ ಊರು ಬೇಕಿತ್ತು. ಕ್ಯಾಲಿಫೋರ್ನಿಯಾಗೆ ಬಂದು 1886ರಲ್ಲಿ ಸಾಂಟಾ ಕ್ಲಾರಾ ಕಣಿವೆಯಲ್ಲಿ ಎಂಟು ಕೋಣೆಯ ಒಂದು ತೋಟದ ಮನೆ ಕೊಂಡಳು. ಅದಕ್ಕೆ ಯಾನಾಡಾ ವಿಲಾ ಅಂತ ಹೆಸರಿಟ್ಟಳು. ಅದನ್ನು ವರ್ಷಗಟ್ಟಲೆ ಬೆಳೆಸುತ್ತಾ ಹೋದಳು. 1922ರ ಸೆಪ್ಟೆಂಬರ್ 5ರಂದು ತೀರಿಕೊಂಡಳು.

ಬೋಸ್ಟನ್ನಿನ ಆ ಭೇಟಿಗೆ ಯಾವ ದಾಖಲೆಯೂ ಇಲ್ಲ. ಸಾರಾ ಡೈರಿ ಬಿಟ್ಟು ಹೋಗಿಲ್ಲ, ಸಂದರ್ಶನ ಕೊಟ್ಟಿಲ್ಲ. ಯಾರ ಜೊತೆಗೂ ಹೆಚ್ಚು ಬೆರೆಯದ ಶ್ರೀಮಂತ ವಿಧವೆ. ಅಂಥವರ ಬಗ್ಗೆ ಊರು ಸುಮ್ಮನಿರುತ್ತದೆಯೇ? ಆಕೆ ಬದುಕಿದ್ದಾಗಲೇ ಪತ್ರಿಕೆಗಳು ಬಣ್ಣ ಕಟ್ಟಿ ಬರೆಯತೊಡಗಿದ್ದವು. "38 ವರ್ಷ, ದಿನದ 24 ಗಂಟೆ ಕೆಲಸ" ಅನ್ನುವ ಮಾತು ಬಹಳ ಪ್ರಸಿದ್ಧ. 1886ರಿಂದ ಬೆರಳು ಮಡಚಿ ಎಣಿಸಿ, 36 ಬರುತ್ತದೆ. ಉಳಿದಿರುವ ಪತ್ರಗಳಲ್ಲಿ ಆಕೆಯೇ ಬರೆದ ಪ್ರಕಾರ, ತನಗೆ ವಿಶ್ರಾಂತಿ ಬೇಕೆನಿಸಿದಾಗ ಕೆಲಸದವರನ್ನು ತಿಂಗಳುಗಟ್ಟಲೆ ಕಳಿಸಿಬಿಡುತ್ತಿದ್ದಳು. ಕೆಲಸ ನಿಂತಿತು, ಆಕೆ ಸಾಯಲಿಲ್ಲ.

ಎರಡೂ ಕಥೆ ಹೇಳಿ. ಮೊದಲನೆಯದು ಮಾತ್ರ ಹೇಳಿದರೆ ಒಳಗೆ ಹೋದವರು ಮೂಲೆ ಮೂಲೆಯಲ್ಲಿ ಬಿಳಿ ಸೀರೆ ಹುಡುಕುತ್ತಾರೆ. ಮನೆ ನೋಡುವುದಿಲ್ಲ.

ಹಂತ 2: ದಿನ ಮತ್ತು ಹೊತ್ತು

ಟಿಕೆಟ್ ಆನ್‌ಲೈನಿನಲ್ಲೇ ತೆಗೆದುಕೊಳ್ಳಿ. ಪ್ರತಿ ಟಿಕೆಟಿಗೂ ಪ್ರವಾಸ ಶುರುವಾಗುವ ಸಮಯ ನಿಗದಿಯಾಗಿರುತ್ತದೆ. ದರ ಆಗಾಗ ಬದಲಾಗುತ್ತದೆ, ಕಡಿಮೆಯಂತೂ ಅಲ್ಲ. ನಾಲ್ಕು ಜನರ ಟಿಕೆಟನ್ನು ರೂಪಾಯಿಗೆ ಗುಣಿಸಿ ಅಪ್ಪನಿಗೆ ಹೇಳಬೇಡಿ, ಒಳಗೆ ಬರುವುದಿಲ್ಲ ಅನ್ನುತ್ತಾರೆ.

ವಾರದ ನಡುವಿನ ಬೆಳಗ್ಗೆ ಅತ್ಯುತ್ತಮ. ಗುಂಪು ಚಿಕ್ಕದಿರುತ್ತದೆ, ಗೈಡ್‌ಗೆ ಪ್ರಶ್ನೆ ಕೇಳಬಹುದು. ಶನಿವಾರ ಮಧ್ಯಾಹ್ನ ಹೋದರೆ ಇಕ್ಕಟ್ಟಾದ ಪಡಸಾಲೆಯಲ್ಲಿ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಬೇಸಿಗೆಯಲ್ಲಂತೂ ಬೆಳಗ್ಗೆಯೇ ಹೋಗಿ. ಮರದ ಹಳೆಯ ಮನೆ, ಮೇಲಿನ ಮಹಡಿಗಳಲ್ಲಿ ಮಧ್ಯಾಹ್ನದ ಸೆಕೆ ನಿಲ್ಲುತ್ತದೆ.

ಅಕ್ಟೋಬರ್ ಹ್ಯಾಲೋವೀನ್ ಕಾಲ. ಆಗ ರಾತ್ರಿ ಹೊತ್ತಿನ ವಿಶೇಷ ಕಾರ್ಯಕ್ರಮಗಳು ಇರುತ್ತವೆ. 13 ಇಲ್ಲಿನವರಿಗೆ ಅಪಶಕುನದ ಸಂಖ್ಯೆ, 13ನೇ ತಾರೀಖು ಶುಕ್ರವಾರ ಬಿದ್ದರೂ ಅಷ್ಟೇ. ಆವತ್ತು ಮಧ್ಯಾಹ್ನ ಒಂದು ಗಂಟೆಗೆ, ಅಂದರೆ 13 ಗಂಟೆಗೆ, ಮನೆಯ ಗಂಟೆಯನ್ನು 13 ಸಲ ಬಾರಿಸುತ್ತಾರೆ. ಟಾರ್ಚ್ ಹಿಡಿದು ನಡೆಯುವ ರಾತ್ರಿ ಪ್ರವಾಸಗಳೂ ಇಂಥ ದಿನಗಳಲ್ಲೇ ಜಾಸ್ತಿ. ಗೆಳೆಯರ ಗುಂಪಿಗೆ ಇದು ಸರಿ, ಚೆನ್ನಾಗಿ ಕಿರುಚಾಡಬಹುದು. ನನ್ನ ಸಲಹೆ ಕೇಳಿದರೆ, ಮೊದಲ ಸಲ ಹಗಲಲ್ಲೇ ಹೋಗಿ. ಈ ಮನೆಯಲ್ಲಿ ನೋಡಬೇಕಾದ್ದು ಗಾಜು, ಮರಗೆಲಸ, ಬೆಳಕು. ಟಾರ್ಚಿನಲ್ಲಿ ಅದು ಯಾವುದೂ ಕಾಣುವುದಿಲ್ಲ. ನಾವು ಮೊದಲ ಸಲ ರಾತ್ರಿಯೇ ಹೋಗಿದ್ದೆವು. ನೆನಪಿರುವುದು ಗೆಳೆಯನ ಚಪ್ಪಲಿ ಮಾತ್ರ.

ಹಂತ 3: ಯಾರು ಬರಬಹುದು, ಯಾರು ಹೊರಗೆ ಕೂರಬಹುದು

ಇದನ್ನು ಮೊದಲೇ ಪ್ರಾಮಾಣಿಕವಾಗಿ ಯೋಚಿಸಿ. ಪೂರ್ತಿ ಪ್ರವಾಸ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ನೂರಕ್ಕೂ ಹೆಚ್ಚು ಕೋಣೆ, ಒಂದು ಮೈಲಿಗಿಂತ ಹೆಚ್ಚು ನಡಿಗೆ, ತುಂಬಾ ಮೆಟ್ಟಿಲು. ಕೂರಲು ಕುರ್ಚಿ ಇಲ್ಲ. ಗಾಲಿಕುರ್ಚಿ ಒಳಗೆ ಹೋಗುವುದಿಲ್ಲ, ಮಗುವಿನ ತಳ್ಳುಗಾಡಿಯೂ ಇಲ್ಲ. ಚಿಕ್ಕ ಮಗುವಿದ್ದರೆ ಎದೆಗೆ ಕಟ್ಟಿಕೊಳ್ಳುವ ಚೀಲ ತನ್ನಿ. ದೊಡ್ಡ ಬ್ಯಾಗ್ ಕಾರಿನಲ್ಲೇ ಇರಲಿ.

ಮಂಡಿ ನೋವಿನವರಿಗೆ ಇನ್ನೊಂದು ಮಾತು. ಮೆಟ್ಟಿಲು ಹತ್ತುವುದು ಅಷ್ಟು ಕಷ್ಟವಲ್ಲ, ನಿಂತು ಕೇಳುವುದು ಕಷ್ಟ. ಪ್ರತಿ ಕೋಣೆಯಲ್ಲೂ ಎರಡು ಮೂರು ನಿಮಿಷ ನಿಲ್ಲಿಸುತ್ತಾರೆ. ಅಪ್ಪನಿಗೆ ಅದೇ ತ್ರಾಸವಾಯಿತು.

ಒಳಗೆ ಹೋದ ಮೇಲೆ ಗೈಡ್ ಇಲ್ಲದೆ ನೀವು ಹೊರಗೆ ಬರುವಂತಿಲ್ಲ. ಬಿಟ್ಟರೂ ದಾರಿ ಸಿಗುವುದಿಲ್ಲ, ಆ ಮಾತು ಬೇರೆ. ಹಾಗಾಗಿ ಶುರುವಾಗುವ ಮೊದಲೇ ಬಾತ್‌ರೂಮಿಗೆ ಹೋಗಿ ಬನ್ನಿ. ಮನೆಯಲ್ಲಿ 13 ಬಚ್ಚಲುಮನೆ ಇವೆ, ಒಂದೂ ನಿಮ್ಮದಲ್ಲ.

ಕತ್ತಲೆ, ಇಕ್ಕಟ್ಟು ಆಗದವರು ಯೋಚಿಸಿ ನಿರ್ಧರಿಸಿ. ಕೆಲವು ಓಣಿಗಳು ಇಬ್ಬರು ಅಕ್ಕಪಕ್ಕ ನಡೆಯಲಾರದಷ್ಟು ಕಿರಿದು. ಮಕ್ಕಳು ಹೆದರುತ್ತಾರಾ? ಹಗಲಿನ ಪ್ರವಾಸದಲ್ಲಿ ಹೆದರಿಸುವ ನಾಟಕ ಏನೂ ಇಲ್ಲ. ಆರೇಳು ವರ್ಷದವರಿಗೆ ಭಯಕ್ಕಿಂತ ಬೇಜಾರೇ ಜಾಸ್ತಿ ಆಗುತ್ತದೆ. ಅವರಿಗೆ ಒಂದು ಕೆಲಸ ಕೊಡಿ. ಜೇಡರ ಬಲೆಯ ಆಕಾರ ಎಲ್ಲೆಲ್ಲಿ ಇದೆ, 13 ಎಲ್ಲೆಲ್ಲಿ ಬರುತ್ತದೆ, ಎಣಿಸುತ್ತಾ ಬರಲಿ.

ಹಂತ 4: ತಲುಪುವುದು

ವಿಳಾಸ 525 ಸೌತ್ ವಿಂಚೆಸ್ಟರ್ ಬುಲೆವಾರ್ಡ್. ಸ್ಯಾಂಟಾನಾ ರೋ ಅಂಗಡಿ ಬೀದಿಯ ಎದುರಿಗೇ. ಪಾರ್ಕಿಂಗ್ ಮನೆಯ ಆವರಣದಲ್ಲೇ ಇದೆ. ಬಸ್ಸಿನಲ್ಲಿ ಬರುವವರಿಗೆ ಇಲ್ಲಿನ ಸಾರಿಗೆ ಸಂಸ್ಥೆ ವಿಟಿಎಯ 60ನೇ ನಂಬರ್ ಇದೇ ರಸ್ತೆಯಲ್ಲಿ ಓಡಾಡುತ್ತದೆ. ಸ್ಟೀವನ್ಸ್ ಕ್ರೀಕ್ ರಸ್ತೆಯ 23ರಲ್ಲಿ ಬಂದು ಸ್ವಲ್ಪ ನಡೆದರೂ ಆಯಿತು. ವಿಂಚೆಸ್ಟರ್ ಹೆಸರಿನ ಲೈಟ್ ರೈಲ್ ನಿಲ್ದಾಣ ನೋಡಿ ಮೋಸ ಹೋಗಬೇಡಿ, ಅದು ಕ್ಯಾಂಪ್‌ಬೆಲ್‌ನಲ್ಲಿದೆ, ಇಲ್ಲಿಂದ ದೂರ.

ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಬನ್ನಿ. ಆ ಅರ್ಧ ಗಂಟೆಯಲ್ಲಿ ತೋಟ ನೋಡಿ. ಪ್ರವಾಸ ಮುಗಿದ ಮೇಲೆ ಯಾರಿಗೂ ತೋಟ ಸುತ್ತುವ ಕಾಲು ಉಳಿದಿರುವುದಿಲ್ಲ.

ತೋಟದಲ್ಲಿ ನಿಂತು ಸುತ್ತ ಒಮ್ಮೆ ನೋಡಿ. ಇವತ್ತು ರಸ್ತೆ, ಮಾಲ್, ಅಪಾರ್ಟ್‌ಮೆಂಟ್. ಆಗ ಈ ಕಣಿವೆ ತುಂಬಾ ಹಣ್ಣಿನ ತೋಟ. ಸಾರಾ ಕೂಡ ಏಪ್ರಿಕಾಟ್, ಪ್ಲಮ್, ವಾಲ್‌ನಟ್ ಬೆಳೆಸುತ್ತಿದ್ದಳು, ಹಣ್ಣು ಒಣಗಿಸಿ ಮಾರುತ್ತಿದ್ದಳು. ಹಣ್ಣು ಒಣಗಿಸುವ ಕಟ್ಟಡ ಆವರಣದಲ್ಲಿದೆ. ದೆವ್ವದ ಕಥೆಯಲ್ಲಿ ಈ ವ್ಯವಹಾರಸ್ಥೆ ಎಲ್ಲೂ ಬರುವುದಿಲ್ಲ. ರಾತ್ರಿ ಆತ್ಮಗಳ ಜೊತೆ ಕೂರುವವಳು ಬೆಳಗ್ಗೆ ಒಣಹಣ್ಣಿನ ಲೆಕ್ಕ ನೋಡುತ್ತಿದ್ದಳು ಅಂದರೆ ಕಥೆ ಕೆಡುತ್ತದೆ, ಅಲ್ವಾ?

ಹಂತ 5: ಒಳಗೆ ಹೋದ ಮೇಲೆ ನೋಡುವ ಬಗೆ

ಮೊದಲೇ ಒಂದು ಮಾತು. ಬಹಳಷ್ಟು ಕೋಣೆಗಳು ಖಾಲಿ ಇರುತ್ತವೆ. ಇರುವ ಮಂಚ, ಮೇಜುಗಳೂ ಹೆಚ್ಚಿನವು ಆ ಕಾಲದವು, ಆಕೆಯವಲ್ಲ. ಸಾರಾ ಸತ್ತ ಮೇಲೆ ಸಾಮಾನುಗಳು ಸೊಸೆಗೆ, ಅಂದರೆ ತಂಗಿಯ ಮಗಳಿಗೆ ಹೋದವು, ಆಮೇಲೆ ಹರಾಜಾದವು. 1923ರಲ್ಲೇ ಮನೆಯನ್ನು ದುಡ್ಡು ತೆಗೆದುಕೊಂಡು ತೋರಿಸಲು ಶುರು ಮಾಡಿದರು. ಅಂದರೆ ಆಕೆ ಸತ್ತು ಒಂದು ವರ್ಷವೂ ಆಗಿರಲಿಲ್ಲ. ಮೈಸೂರು ಅರಮನೆಯಂಥ ವೈಭವ ಇರುತ್ತದೆ ಅಂದುಕೊಂಡು ಬಂದರೆ ನಿರಾಸೆ. ಇಲ್ಲಿ ನೋಡಬೇಕಾದ್ದು ಗೋಡೆ, ನೆಲ, ಬಾಗಿಲು, ಕಿಟಕಿ.

ಲೆಕ್ಕ ಹೇಳುತ್ತಾ ಹೋಗುತ್ತಾರೆ: 2,000 ಬಾಗಿಲು, 10,000 ಗಾಜಿನ ಹಲಗೆ, 47 ಮೆಟ್ಟಿಲಸಾಲು, 47 ಬೆಂಕಿಗೂಡು, ಆರು ಅಡುಗೆಮನೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಿ. ನಿಲ್ಲಬೇಕಾದ ಜಾಗಗಳು ಬೇರೆ ಇವೆ.

*ಪುಟ್ಟ ಮೆಟ್ಟಿಲು.* ಒಂದು ಕಡೆ ಮೆಟ್ಟಿಲು ಹಾವಿನಂತೆ ಏಳು ಸಲ ತಿರುಗುತ್ತದೆ. 44 ಮೆಟ್ಟಿಲು ಹತ್ತಿದರೂ ನೀವು ಮೇಲೇರುವುದು ಒಂಬತ್ತು ಅಡಿ ಮಾತ್ರ. ಒಂದೊಂದೂ ಎರಡು ಎರಡೂವರೆ ಇಂಚು ಎತ್ತರ. ನಮ್ಮ ಗುಂಪಿನವರೆಲ್ಲ ವಿಚಿತ್ರ, ವಿಚಿತ್ರ ಅಂತ ನಕ್ಕರು. ಅಮ್ಮ ಪಕ್ಕದ ಕಂಬಿ ಹಿಡಿದು ಎರಡು ಮೆಟ್ಟಿಲು ಹತ್ತಿ, ನಿಂತು, ಕೇಳಿದರು: "ಈಯಮ್ಮನಿಗೆ ಮಂಡಿ ನೋವಿತ್ತೇನೋ?"

ಇತ್ತು. ಸಂಧಿವಾತ ಜೋರಾಗಿತ್ತು. ಕಾಲು ಎತ್ತಿಡಲು ಆಗದವಳು ತನಗಾಗುವಷ್ಟು ಎತ್ತರಕ್ಕೆ ಮೆಟ್ಟಿಲು ಮಾಡಿಸಿಕೊಂಡಿದ್ದಳು. ದೆವ್ವಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ನಾನು ಮೊದಲ ಸಲ ಇದೇ ಮೆಟ್ಟಿಲನ್ನು ಓಡಿ ಹತ್ತಿದ್ದೆ. ಆವತ್ತಿನಿಂದ ಪ್ರತಿ ವಿಚಿತ್ರದ ಮುಂದೆಯೂ ನಿಂತು ಅಮ್ಮನ ಹಾಗೇ ಕೇಳುವುದು ರೂಢಿಯಾಯಿತು: ಇಲ್ಲಿ ವಾಸವಿದ್ದವಳಿಗೆ ಇದು ಯಾಕೆ ಬೇಕಿತ್ತು? ನೀವೂ ಕೇಳಿ ನೋಡಿ.

*ಎಲ್ಲಿಗೂ ಹೋಗದ ಬಾಗಿಲು.* ಎರಡನೇ ಮಹಡಿಯ ಒಂದು ಬಾಗಿಲು ತೆರೆದರೆ ಮುಂದೆ ಏನೂ ಇಲ್ಲ, ನೇರ ಕೆಳಗೆ ತೋಟ. ಹೊರಗಿನಿಂದ ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಇನ್ನೊಂದು ಕಡೆ ಮೆಟ್ಟಿಲು ಹತ್ತಿ ಹೋದರೆ ತಲೆ ಸೂರಿಗೆ ತಾಗುತ್ತದೆ, ಅಲ್ಲಿಗೆ ಮುಗಿಯಿತು. ದೆವ್ವಕ್ಕೆ ದಾರಿ ತಪ್ಪಿಸಲು ಅಂತ ಗೈಡ್ ಹೇಳಬಹುದು. ಇಲ್ಲಿ ನೆನಪಿಡಬೇಕಾದ ತಾರೀಖು 1906ರ ಏಪ್ರಿಲ್ 18.

ಆವತ್ತು ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೊದ ದೊಡ್ಡ ಭೂಕಂಪ ಆಯಿತು. ಈ ಮನೆ ಆಗ ಏಳು ಮಹಡಿಯಷ್ಟು ಎತ್ತರವಿತ್ತು. ಗೋಪುರ ಕುಸಿಯಿತು, ಮೇಲಿನ ಮಹಡಿಗಳು ಹೋದವು. ಈಗ ಉಳಿದಿರುವುದು ನಾಲ್ಕು. ಸಾರಾ ಆ ರಾತ್ರಿ ಮಲಗಿದ್ದ ಕೋಣೆಯಲ್ಲೇ ಸಿಕ್ಕಿಹಾಕಿಕೊಂಡಿದ್ದಳು, ಬಾಗಿಲು ಒಡೆದು ಹೊರತಂದರು ಅನ್ನುತ್ತಾರೆ. ಆಮೇಲೆ ಮುಂಭಾಗವನ್ನು ಮತ್ತೆ ಕಟ್ಟಿಸಲಿಲ್ಲ. ಬಿದ್ದದ್ದನ್ನು ತೆಗೆಸಿ, ಉಳಿದದ್ದನ್ನು ಮುಚ್ಚಿಸಿ, ತಾನು ಹೆಚ್ಚಾಗಿ ಆಥರ್ಟನ್ನಿನ ಬೇರೆ ಮನೆಯಲ್ಲಿ ಇರತೊಡಗಿದಳು.

ಈಗ ಆ ಬಾಗಿಲನ್ನು ಮತ್ತೆ ನೋಡಿ. ಒಂದು ಮನೆಯ ಅರ್ಧವನ್ನು ಕಿತ್ತರೆ, ಉಳಿದ ಅರ್ಧದ ಬಾಗಿಲುಗಳು ಎಲ್ಲಿಗೆ ತೆರೆಯಬೇಕು? ಎಲ್ಲ ವಿಚಿತ್ರಕ್ಕೂ ಭೂಕಂಪವೇ ಉತ್ತರ ಅಂತ ನಾನು ಹೇಳುವುದಿಲ್ಲ. ಹಳೆಯ ಗೋಡೆಯ ಹೊರಗೆ ಹೊಸ ಕೋಣೆ ಸೇರಿಸಿದಾಗ ಹೊರಗಿನ ಕಿಟಕಿ ಒಳಗಿನದಾಗುತ್ತದೆ. ಮಾಡಿನ ಬೆಳಕಿಂಡಿಯ ಮೇಲೆ ಮಹಡಿ ಎದ್ದರೆ ಅದು ನೆಲದ ಕಿಟಕಿಯಾಗುತ್ತದೆ. ಅಂಥದ್ದೂ ಒಂದಿದೆ, ಗೈಡ್ ತೋರಿಸುತ್ತಾರೆ. ನಮ್ಮೂರುಗಳಲ್ಲೂ ಮೂರು ತಲೆಮಾರು ಕೋಣೆ ಸೇರಿಸುತ್ತಾ ಹೋದ ಮನೆಗಳಲ್ಲಿ ಇಂಥವು ಎಷ್ಟಿಲ್ಲ? ನಮ್ಮ ಅಜ್ಜಿ ಮನೆಯಲ್ಲಿ ದೇವರಕೋಣೆಯ ಕಿಟಕಿ ಅಡುಗೆಮನೆಗೆ ತೆರೆಯುತ್ತಿತ್ತು.

ಭೂಕಂಪದಲ್ಲಿ ಗಾರೆ ಉದುರಿದ ಕೋಣೆಗಳನ್ನು ಹಾಗೇ ಉಳಿಸಿದ್ದಾರೆ. ಬಣ್ಣ, ಕಾಗದ ಎಲ್ಲ ಕಿತ್ತು ಒಳಗಿನ ಮರದ ಪಟ್ಟಿ ಕಾಣುತ್ತದೆ. ಇಡೀ ಮನೆಯಲ್ಲಿ ನನಗೆ ಮೈ ಜುಮ್ಮೆಂದದ್ದು ಇಲ್ಲಿ ಮಾತ್ರ.

*ಉತ್ತರದ ಗಿಡಮನೆ.* ಇದನ್ನು ಗೈಡ್ ಒಂದೇ ವಾಕ್ಯದಲ್ಲಿ ಮುಗಿಸಬಹುದು, ನೀವು ತಡೆಯಿರಿ. ಗಿಡಗಳನ್ನು ಮನೆಯೊಳಗೆ ಇಟ್ಟು ಬೆಳೆಸುವ ಕೋಣೆ. ಮರದ ನೆಲದ ಹಲಗೆ ಎತ್ತಿದರೆ ಕೆಳಗೆ ಸತುವಿನ ತಗಡು, ಇಳಿಜಾರಾಗಿ ಹಾಸಿದೆ. ಗಿಡಕ್ಕೆ ಹಾಕಿದ ನೀರು ಸೋರಿ, ತಗಡಿನ ಮೇಲೆ ಹರಿದು, ಕೊಳವೆಯಲ್ಲಿ ಕೆಳಗಿನ ತೋಟಕ್ಕೆ ಹೋಗುತ್ತಿತ್ತು. ಒಂದು ತಂಬಿಗೆ ನೀರೂ ಹಾಳಾಗದಂತೆ ನೂರು ವರ್ಷದ ಹಿಂದೆಯೇ ಮಾಡಿದ ಏರ್ಪಾಟು. ಹುಚ್ಚಿ ಅಂತ ಕರೆಸಿಕೊಂಡವಳ ಕೆಲಸ ಇದು.

ಒಗೆಯುವ ಮನೆಯಲ್ಲಿ ಪಿಂಗಾಣಿ ತೊಟ್ಟಿಗಳಿವೆ. ಬಟ್ಟೆ ತಿಕ್ಕುವ ಗೀರುಗಳನ್ನು ತೊಟ್ಟಿಯಲ್ಲೇ ಎರಕ ಹೊಯ್ದಿದ್ದಾರೆ. ಅಮ್ಮ ಅತಿ ಹೆಚ್ಚು ಹೊತ್ತು ನಿಂತದ್ದು ಇಲ್ಲೇ. ಕೆಲಸದವರನ್ನು ಕರೆಯಲು ಕೋಣೆ ಕೋಣೆಯಲ್ಲಿ ಗುಂಡಿ, ಯಾವ ಕೋಣೆಯಿಂದ ಕರೆ ಬಂತು ಅಂತ ತೋರಿಸುವ ಹಲಗೆ, ಲಿಫ್ಟ್, ಗ್ಯಾಸ್ ದೀಪ, ಎಲ್ಲವೂ ಇದ್ದವು.

*ಗಾಜು.* ಜೇಡರ ಬಲೆಯ ವಿನ್ಯಾಸದ ಕಿಟಕಿ ಪ್ರಸಿದ್ಧ. ಚೆಂದದ ಗಾಜಿನ ಕಿಟಕಿಯೊಂದು ಬಿಸಿಲೇ ಬೀಳದ ಕಡೆ ಇದೆ, ಬೆಳಕು ತಾಗಿದ್ದರೆ ಕೋಣೆ ತುಂಬಾ ಕಾಮನಬಿಲ್ಲು ಚೆಲ್ಲುತ್ತಿತ್ತು. ಜೋಡಿಸದೆ ಉಳಿದ ಗಾಜು, ಗೋಡೆಗೆ ಹಚ್ಚುವ ಉಬ್ಬುಚಿತ್ರದ ಹಾಳೆಗಳ ಸುರುಳಿ, ಇವನ್ನೆಲ್ಲ ಇಟ್ಟ ಉಗ್ರಾಣ ಕೋಣೆಯನ್ನು ತಪ್ಪಿಸಿಕೊಳ್ಳಬೇಡಿ. ಕೆಲಸ ನಿಂತ ದಿನ ಹೇಗಿತ್ತು ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ನೃತ್ಯದ ಹಜಾರದಲ್ಲಿ ಬೆಂಕಿಗೂಡಿನ ಎರಡೂ ಪಕ್ಕ ಒಂದೊಂದು ಬಣ್ಣದ ಕಿಟಕಿ. ಎರಡರಲ್ಲೂ ಶೇಕ್ಸ್‌ಪಿಯರ್ ನಾಟಕಗಳ ಒಂದೊಂದು ಸಾಲು. ಅದರಲ್ಲಿ ಒಂದು, ಸೆರೆಮನೆಯಲ್ಲಿ ಒಂಟಿಯಾಗಿ ಕೂತ ರಾಜ ಎರಡನೇ ರಿಚರ್ಡ್ ಆಡುವ ಮಾತು. ಆಕೆ ಇದನ್ನೇ ಯಾಕೆ ಆರಿಸಿದಳೋ, ಯಾರಿಗೂ ಹೇಳಲಿಲ್ಲ. ಈ ಹಜಾರಕ್ಕೆ ಕುಣಿಯಲು ಯಾರಾದರೂ ಬಂದರಾ? ನೆಂಟರನ್ನು ಕರೆಯೋಣ ಅಂದರೆ ಮನೆ ಇನ್ನೂ ಸಿದ್ಧವಾಗಿಲ್ಲ ಅಂತ ಆಕೆ ಊರಿಗೆ ಪತ್ರ ಬರೆದಿದ್ದಳು. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅನ್ನುತ್ತಾರಲ್ಲ, ಕಟ್ಟಿಸುತ್ತಿರುವವರೆಲ್ಲ ಹೇಳುವ ಮಾತೇ ಅದು.

ಹಂತ 6: ದೆವ್ವದ ಜಾಗಗಳಲ್ಲಿ ಏನು ಮಾಡಬೇಕು

ದೆವ್ವ ಬೇಡ ಅಂತ ನಾನೇನೂ ಹೇಳುತ್ತಿಲ್ಲ. ಟಿಕೆಟಿಗೆ ದುಡ್ಡು ಕೊಟ್ಟಿದ್ದೀರಿ, ಅದನ್ನೂ ನೋಡಿ.

ಮನೆಯ ನಡುವೆ ಒಂದು ಪುಟ್ಟ ನೀಲಿ ಕೋಣೆ ಇದೆ. ಸಾರಾ ಪ್ರತಿ ರಾತ್ರಿ ಇಲ್ಲಿ ಆತ್ಮಗಳ ಜೊತೆ ಮಾತಾಡಿ ಮರುದಿನದ ನಕ್ಷೆ ತರುತ್ತಿದ್ದಳು ಅನ್ನುವುದು ಕಥೆ. ಗೋಡೆಯಲ್ಲಿ 13 ಗೂಟ ತೋರಿಸುತ್ತಾರೆ. ಈ 13ರ ವಿಷಯದಲ್ಲಿ ಸ್ವಲ್ಪ ಹುಷಾರು. 160 ಕೋಣೆಯ ಮನೆಯಲ್ಲಿ ಹುಡುಕಿದರೆ 11 ಕೂಡ ಸಿಗುತ್ತದೆ, 9 ಕೂಡ ಸಿಗುತ್ತದೆ. ಪ್ರವಾಸಿಗರಿಗಾಗಿ ಆಮೇಲೆ ಸೇರಿಸಿದವೂ ಇವೆ ಅಂತ ಇತಿಹಾಸಕಾರರು ಹೇಳುತ್ತಾರೆ. "ಇದು ಆಕೆಯ ಕಾಲದ್ದೇ, ಆಮೇಲಿನದಾ?" ಅಂತ ಗೈಡನ್ನು ಮೆಲ್ಲಗೆ ಕೇಳಿ. ಕೆಣಕುವ ದನಿ ಬೇಡ. ಹೆಚ್ಚಿನವರು ನಗುತ್ತಲೇ ನೇರ ಉತ್ತರ ಕೊಡುತ್ತಾರೆ.

ನೆಲಮಾಳಿಗೆಯಲ್ಲಿ ಒಬ್ಬ ಮೀಸೆಯ ಕೆಲಸಗಾರ ಕೈಗಾಡಿ ತಳ್ಳುತ್ತಾ ಕಾಣಿಸುತ್ತಾನಂತೆ. ಇಲ್ಲಿನವರು ಅವನಿಗೆ ಕ್ಲೈಡ್ ಅಂತ ಹೆಸರಿಟ್ಟಿದ್ದಾರೆ. ಎಲ್ಲ ದೆವ್ವಗಳಲ್ಲಿ ನನಗೆ ಇಷ್ಟವಾದದ್ದು ಇವನೇ. ಯಾರನ್ನೂ ಹೆದರಿಸುವುದಿಲ್ಲ, ಸತ್ತ ಮೇಲೂ ಡ್ಯೂಟಿ.

ಸದ್ದು ಕೇಳಿಸಿದರೆ? ಕೇಳಿಸುತ್ತದೆ. ರೆಡ್‌ವುಡ್ ಮರದ ದೊಡ್ಡ ಮನೆ. ಹಗಲು ಕಾದ ಮರ ಸಂಜೆ ತಣ್ಣಗಾಗುವಾಗ ಲಟಕ್ ಅನ್ನುತ್ತದೆ. ಹಿಂದೊಂದು ಗುಂಪು, ಮುಂದೊಂದು ಗುಂಪು ನಡೆಯುತ್ತಿರುತ್ತದೆ, ಅವರ ಹೆಜ್ಜೆ ಸದ್ದು ಗೋಡೆಯೊಳಗಿಂದ ಬಂದ ಹಾಗಿರುತ್ತದೆ. 17 ಹೊಗೆಗೂಡುಗಳಿಂದ ಗಾಳಿ ಇಳಿಯುತ್ತದೆ, ಕುತ್ತಿಗೆ ಹಿಂದೆ ತಣ್ಣಗೆ ತಾಗುತ್ತದೆ. ಇದೆಲ್ಲ ಗೊತ್ತಿದ್ದರೂ ಒಂದು ಕ್ಷಣ ತಿರುಗಿ ನೋಡುತ್ತೀರಿ. ನಾನೂ ನೋಡಿದೆ.

ಮಾಯಾಜಾಲದ ಹ್ಯಾರಿ ಹೂಡಿನಿ ಕೂಡ 1924ರಲ್ಲಿ ಈ ಮನೆ ನೋಡಲು ಬಂದಿದ್ದ. ಆತ್ಮ ಕರೆಸುತ್ತೇವೆ ಅನ್ನುವವರ ಮೋಸ ಬಯಲು ಮಾಡುತ್ತಾ ಊರೂರು ಸುತ್ತುತ್ತಿದ್ದ ಮನುಷ್ಯ. ಅಂಥವನ ಭೇಟಿಯನ್ನೂ ಈ ಮನೆ ಜಾಹೀರಾತಿಗೆ ಬಳಸಿಕೊಂಡಿತು.

ಮಾಡಬಾರದ್ದು: ಗುಂಪು ಬಿಟ್ಟು ಹಿಂದೆ ಉಳಿಯಬೇಡಿ. ಹಳೆಯ ಗೋಡೆ, ಗಾಜು ಮುಟ್ಟಬೇಡಿ. ಫೋಟೊ, ವಿಡಿಯೊ ನಿಯಮವನ್ನು ಬಾಗಿಲಲ್ಲೇ ಕೇಳಿಕೊಳ್ಳಿ. ಹಿಂದಿನಿಂದ "ಹೂ" ಅಂತ ಕೂಗಿ ಹೆದರಿಸುವ ಭಾವಮೈದ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನನ್ನು ನಿಮ್ಮ ಮುಂದೆಯೇ ನಡೆಸಿ.

ಹಂತ 7: ಹೊರಗೆ ಬಂದ ಮೇಲೆ

ಪ್ರವಾಸ ಮುಗಿದು ಹೊರಗೆ ಬಂದರೆ ಅಂಗಡಿ, ಕಾಫಿ. ಬೇಕಿದ್ದರೆ ಸ್ವಲ್ಪ ಕೂತುಕೊಳ್ಳಿ. ಊಟಕ್ಕೆ ಎದುರಿನ ಸ್ಯಾಂಟಾನಾ ರೋ ಇದೆ, ಜೇಬಿಗೆ ಭಾರ. ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು, ಕಾರಿನಲ್ಲೇ ಕೂತು ತಿಂದೆವು.

ಊಟದ ಹೊತ್ತಿಗೆ ಹೇಳಲು ಒಂದು ವಿಷಯ ಉಳಿಸಿಕೊಂಡಿರಿ. ಗೈಡ್ ಇದನ್ನು ಹೇಳದೇ ಇರಬಹುದು. ಗಂಡನನ್ನು ಕೊಂದದ್ದು ಕ್ಷಯ ಅಂದೆನಲ್ಲ. ಸಾರಾ ನ್ಯೂ ಹೇವನ್‌ನಲ್ಲಿ ಕ್ಷಯ ರೋಗಿಗಳ ಚಿಕಿತ್ಸೆಗೆ, ಗಂಡನ ಹೆಸರಿನಲ್ಲಿ, ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟಳು. ಯೇಲ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶ್ವಾಸಕೋಶದ ವಿಭಾಗಕ್ಕೆ ಇವತ್ತಿಗೂ ವಿಂಚೆಸ್ಟರ್ ಹೆಸರಿದೆ. ಆಕೆಯನ್ನು ಮಣ್ಣು ಮಾಡಿದ್ದೂ ಅದೇ ಊರಿನಲ್ಲಿ, ಗಂಡ ಮತ್ತು ಮಗುವಿನ ಪಕ್ಕ.

ಅಮ್ಮ ಚಿತ್ರಾನ್ನದ ಡಬ್ಬಿ ಮುಚ್ಚುತ್ತಾ ಇದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಕಾರಿನ ಕಿಟಕಿಯಿಂದ ಆ ಮನೆಯ ಮಾಡುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

"ಅದಿರಲಿ," ಅಂದರು. "ಇಷ್ಟು ಮನೆ ದಿನಾ ಗುಡಿಸುತ್ತಿದ್ದದ್ದು ಯಾರು? ಅದನ್ನು ಆ ಗೈಡ್ ಹುಡುಗ ಹೇಳಲೇ ಇಲ್ಲವಲ್ಲ."